ಸಡಿಲಾದ ಹಸಿರು ಕುಬಸ

ಬಸವನ ಬಾಗೇವಾಡಿಗೆ ಸೊಸೆಯಾಗಿ ಬಂದ ಮೂರನೆಯ ವರ್ಷ, ಒಲೆಯ ಮೇಲೆ ಬೇಳೆಗೆ ಇಟ್ಟು, ಅದನ್ನು ಪೂರ್ತಿ ಮರೆತು, ಮನೆಗೆ ಬೀಗ ಹಾಕಿ ಶಾಲೆಗೆ ಹೋದೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅತ್ತೆ ಗುಡಿಗೆ ಹೋಗಿದ್ದರು. ಹೊಗೆ ಕಂಡ ನೆರೆಯವರು ಹಿತ್ತಲ ಬಾಗಿಲು ಮುರಿದು ಒಳಗೆ ಹೋಗಿ ಗ್ಯಾಸ್ ಆರಿಸಿದರು. ನಾನು ಎಂಟನೆಯ ತರಗತಿಗೆ ಗಣಿತ ಹೇಳುತ್ತಿದ್ದೆ. ಕರೆಯಲು ಬಂದವರನ್ನು ನಾನು ಮೊದಲು ಕೇಳಿದ್ದು, "ಒಲಿ ಹಚ್ಚಿದವರು ಯಾರು?" ಎಂದು. ಹಚ್ಚಿದವಳು ನಾನೇ ಎಂಬುದು ಮನೆಯ ಅಂಗಳಕ್ಕೆ ಬಂದು ಕರಕಲು ವಾಸನೆ ಮೂಗಿಗೆ ಬಡಿದಾಗಲೇ ನೆನಪಾಯಿತು.

ಇದೇನು ಹೊಸದಲ್ಲ. ಹಾಲು ಉಕ್ಕದ ದಿನವೇ ಇರಲಿಲ್ಲ. ಬೀಗದ ಕೈ ಕಳೆಯುತ್ತಿತ್ತು, ತಿದ್ದಬೇಕಾದ ಉತ್ತರ ಪತ್ರಿಕೆ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು, ಮಾತಿನ ನಡುವೆ ಮಾತೇ ಕೈಬಿಟ್ಟು ಹೋಗುತ್ತಿತ್ತು. ಚಿಕ್ಕಂದಿನಿಂದ ಎಲ್ಲರೂ ಇದಕ್ಕೆ ಇಟ್ಟ ಹೆಸರು ಸೊಕ್ಕು. ಬೇಳೆ ಹೊತ್ತಿದ ಮೇಲೆ ಮಾತ್ರ ನನ್ನ ಗಂಡ ಹೆದರಿದರು.

ಅವರಿಗೆ ಇಂಡಿ ಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ನೌಕರಿ. ಶನಿವಾರ ಬಂದು ಸೋಮವಾರ ನಸುಕಿನ ಬಸ್ಸಿಗೆ ಹೋಗಿಬಿಡುತ್ತಿದ್ದರು. ಅಲ್ಲಿ ಅವರ ಜೊತೆಗಿದ್ದವರೊಬ್ಬರ ಮಗನಿಗೆ ಸೊಲ್ಲಾಪುರದ ಮನೋವೈದ್ಯರು ಯಾವುದೋ ಮಾತ್ರೆ ಕೊಟ್ಟು ಓದಲು ಕೂಡುವಂತೆ ಮಾಡಿದ್ದರಂತೆ. ನಮಗೂ ಅಲ್ಲಿಗೇ ಹೋಗುವುದೆಂದಾಯಿತು. ಆದರೆ ಮನೆಯಲ್ಲಿ ಏನು ಹೇಳುವುದು?

"ತಲಿ ಡಾಕ್ಟರ್ ಕಡೆ ಹೊಂಟೇವಿ ಅಂದ್ರ ಓಣಿ ತುಂಬ ಸುದ್ದಿ ಆಗ್ತೈತಿ. ಮಕ್ಕಳ ಸಲುವಾಗಿ ತೋರಿಸ್ಕೊಂಡು ಬರ್ತೇವಿ ಅಂತ ಹೇಳೂಣು" ಎಂದರು ನನ್ನ ಗಂಡ.

ಮಕ್ಕಳಿಲ್ಲದ ಗಂಡ ಹೆಂಡತಿ ಸೊಲ್ಲಾಪುರದ ಬಸ್ಸು ಹತ್ತಿದರೆ ನಮ್ಮ ಕಡೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಅತ್ತೆ ಕೇಳಲೂ ಇಲ್ಲ. ಉಡಿಗೆ ಅಕ್ಕಿ, ಕೊಬ್ಬರಿ ಹಾಕಿ ಕಳಿಸಿಕೊಟ್ಟರು.

ಡಾಕ್ಟರರು ನನ್ನ ಬಗ್ಗೆ ನನ್ನ ಗಂಡನನ್ನು ಕೇಳಿದರು. ನಿದ್ದೆ ಹೇಗೆ, ಎದೆ ಹೊಡೆದುಕೊಳ್ಳುತ್ತದೆಯೇ, ಸಣ್ಣವಳಿದ್ದಾಗ ಹೇಗಿದ್ದಳು. ನಾನು ಸಣ್ಣವಳಿದ್ದಾಗ ಹೇಗಿದ್ದೆನೆಂಬುದು ನನ್ನ ಗಂಡನಿಗೆ ಹೇಗೆ ಗೊತ್ತಿರಬೇಕು! ಕೊನೆಗೆ ಇದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಗಮನ ಒಂದೆಡೆ ನಿಲ್ಲುವುದಿಲ್ಲ, ಹೆಣ್ಣುಮಕ್ಕಳಲ್ಲಿ ಅಪರೂಪ, ಅದೂ ಈ ವಯಸ್ಸಿನವರನ್ನು ನಾನು ನೋಡಿದ್ದೇ ಇಲ್ಲ ಎಂದರು. ಮಾತ್ರೆ ನುಂಗಿದರೆ ಹಸಿವು ತುಸು ಕಡಿಮೆಯಾದೀತು, ಹುಡುಗರು ಬೇಗ ಹೊಂದಿಕೊಳ್ಳುತ್ತಾರೆ ಎಂದೂ ಹೇಳಿದರು. ನಾನು ಹುಡುಗನಲ್ಲ ಎನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಚೀಟಿ ಬರೆದಾಗಿತ್ತು. ತಿಂಗಳ ಮುಟ್ಟಿನ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ.

ಮಾತ್ರೆಯ ಪಟ್ಟಿಯನ್ನು ಅತ್ತೆ ನನ್ನ ಕೈಯಿಂದ ಇಸಿದುಕೊಂಡರು. ನನ್ನ ಮರೆವು ಅವರಿಗೆ ಗೊತ್ತೇ ಇತ್ತಲ್ಲ. ಅದನ್ನು ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕ ಇಟ್ಟರು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ಒಂದು ಮಾತ್ರೆ ಬಿಡಿಸಿ, ಬಿಸಿ ಹಾಲಿನ ಜೊತೆ ನನ್ನ ಅಂಗೈಯಲ್ಲಿಟ್ಟು, ನುಂಗುವವರೆಗೂ ಎದುರಿಗೆ ನಿಲ್ಲುತ್ತಿದ್ದರು.

ಮಾತ್ರೆ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಒಂದು ಮಧ್ಯಾಹ್ನ ಕುಳಿತವಳು ಎದ್ದದ್ದು ಇಡೀ ತರಗತಿಯ ಉತ್ತರ ಪತ್ರಿಕೆ ತಿದ್ದಿ ಮುಗಿಸಿದ ಮೇಲೆಯೇ. ಸಂತೋಷವಾಗಬೇಕಿತ್ತು. ನನಗೆ ಸಿಟ್ಟು ಬಂತು. ಉಳಿದವರೆಲ್ಲ ಹುಟ್ಟಿನಿಂದ ಹೀಗೇ ಇದ್ದರೇ? ಇಷ್ಟು ಸಲೀಸಾಗಿ ಬದುಕುತ್ತಲೇ ನನಗೆ ಸೊಕ್ಕಿನವಳು ಅಂದರೇ? ಆ ಸಿಟ್ಟು ಇಳಿಯುವುದರೊಳಗೆ ಅನುಮಾನವೂ ಶುರುವಾಯಿತು. ಇಷ್ಟು ಸಣ್ಣ ಗುಳಿಗೆ ಇಷ್ಟು ದೊಡ್ಡದನ್ನು ಕೊಟ್ಟಿತೆಂದರೆ ಏನನ್ನೋ ತೆಗೆದುಕೊಳ್ಳದೆ ಬಿಟ್ಟೀತೇ?

ತೆಗೆದುಕೊಂಡದ್ದು ಹಸಿವನ್ನು. ಮಧ್ಯಾಹ್ನದ ಡಬ್ಬಿ ತೆರೆದರೆ ರೊಟ್ಟಿ ಕಂಡು ಹೊಟ್ಟೆ ಮುಖ ತಿರುಗಿಸುತ್ತಿತ್ತು. ನನ್ನ ಪಾಲಿನ ರೊಟ್ಟಿಗಳು ಬುಟ್ಟಿಯಲ್ಲಿ ಒಣಗಿ ಖಡಕ್ಕಾಗುತ್ತಿದ್ದವು. ಇನ್ನೊಂದು ವಿಚಿತ್ರವೆಂದರೆ, ನಡುನಡುವೆ ಕೆಲವು ದಿನ ಮಾತ್ರೆ ಸುಣ್ಣದ ಚೂರಿನಂತೆ ಏನೂ ಮಾಡುತ್ತಿರಲಿಲ್ಲ. ಮತ್ತೆ ಹಾಲು ಉಕ್ಕುತ್ತಿತ್ತು, ಮತ್ತೆ ಸಣ್ಣ ಸಣ್ಣದಕ್ಕೂ ಸಿಟ್ಟು ಬರುತ್ತಿತ್ತು. ಮೊದಲು ಮಾತ್ರೆ ಕೊಟ್ಟ ಸೊಲ್ಲಾಪುರದ ಅಂಗಡಿಯವನ ಮೇಲೆ ಅನುಮಾನಪಟ್ಟೆ. ಆಮೇಲೆ ಅತ್ತೆ ತಮ್ಮ ಬಿಪಿ ಗುಳಿಗೆಯನ್ನೇ ತಪ್ಪಿ ಕೊಡುತ್ತಿದ್ದಾರೆಂದು ಅವರ ಕೈಯನ್ನೇ ನೋಡುತ್ತ ಕುಳಿತೆ. ಅದೂ ಅಲ್ಲ. ಮಾತ್ರೆ ಸೋಲುತ್ತಿದ್ದದ್ದು ಪ್ರತಿ ಸಲವೂ ಮುಟ್ಟಿನ ಹಿಂದಿನ ದಿನಗಳಲ್ಲಿ. ಗಂಡ ಮಾತ್ರೆ ತರಲು ಸೊಲ್ಲಾಪುರಕ್ಕೆ ಹೋದಾಗ ಕೇಳಿ ಬಂದರು.

"ಅದು ಮನಸಿನ ಭ್ರಮಾ ಅಂತ ಅಂದ್ರು ಡಾಕ್ಟರು."

"ಭ್ರಮಾ ತಿಂಗಳಾ ತಿಂಗಳಾ ವ್ಯಾಳ್ಯಾ ಹಿಡಿದು ಬರ್ತೈತೇನ್ರಿ?" ಎಂದೆ. ಅವರು ಪೇಪರು ಮುಖಕ್ಕೆ ಹಿಡಿದರು.

ಆಮೇಲೆ ಒಂದು ತಿಂಗಳು ಮುಟ್ಟೇ ಬರಲಿಲ್ಲ. ಮುಂದಿನ ತಿಂಗಳೂ ಬರಲಿಲ್ಲ. ನಾನು ತಲೆಗೆ ನೀರು ಹಾಕಿಕೊಳ್ಳುವ ದಿನ ತಪ್ಪಿದ್ದನ್ನು ಅತ್ತೆ ನನಗಿಂತ ಮೊದಲೇ ಗಮನಿಸಿದ್ದರು.

"ಎರಡ ತಿಂಗಳಾತು, ಕಡಿಗಿ ಆಗಿಲ್ಲಲ್ಲಾ ಯವ್ವಾ? ಗುಳಗಿ ಹತ್ತಿತು ನೋಡು!" ಎಂದು ನನ್ನ ಗಲ್ಲ ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು.

ನನಗೆ ಆದದ್ದು ಹೆದರಿಕೆ. ಹೊಟ್ಟೆಯಲ್ಲಿ ನಿಜಕ್ಕೂ ಕೂಸಿದ್ದರೆ? ದಿನಾ ಬೆಳಿಗ್ಗೆ ಈ ಗುಳಿಗೆ ಅದರ ಮೇಲೆ ಬೀಳುತ್ತಿದೆಯಲ್ಲ, ಅದಕ್ಕೇನಾದೀತು? ನುಂಗುವುದಿಲ್ಲ ಎಂದರೆ ಯಾಕೆಂದು ಹೇಳಬೇಕು. ನಾಲಿಗೆಯಡಿ ಇಟ್ಟುಕೊಂಡು ಬಚ್ಚಲಿಗೆ ಹೋಗಿ ಉಗುಳತೊಡಗಿದೆ. ಉಗುಳಿದ ದಿನ ಶಾಲೆಯಲ್ಲಿ ಅರ್ಧ ಲೆಕ್ಕಕ್ಕೇ ಕೈ ನಿಂತು, ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮರುದಿನ ಹೆದರಿ ನುಂಗುತ್ತಿದ್ದೆ, ನುಂಗಿ ಮತ್ತೆ ಹೆದರುತ್ತಿದ್ದೆ. ಮೂತ್ರ ನೋಡುವ ಪಟ್ಟಿ ತರೋಣವೆಂದರೆ ಔಷಧಿ ಅಂಗಡಿಯವರು ನಮ್ಮ ಅತ್ತೆಯ ತವರಿನ ಕಡೆಯವರು. ಗಂಡನಿಗೆ ಹೇಳಿದರೆ "ಇನ್ನೊಂದ ತಿಂಗಳ ನೋಡೂಣು" ಎಂದರು. ನೋಡುವುದಕ್ಕೆ ಅವರದೇನು ಹೋಗುತ್ತಿತ್ತು!

ಅತ್ತೆ ಮೋರಟಗಿಗೆ, ನನ್ನ ತವರಿಗೆ, ಹೇಳಿ ಕಳಿಸಿಬಿಟ್ಟಿದ್ದರು. ನಮ್ಮಲ್ಲಿ ಏಳನೆಯ ತಿಂಗಳಿನ ದೊಡ್ಡ ಕುಬಸದ ಶಾಸ್ತ್ರಕ್ಕೆ ಮೊದಲು, ಬಸಿರು ಊರಿಗೆ ಗೊತ್ತಾಗುವ ಮುಂಚೆ, ಮೂರನೆಯ ತಿಂಗಳಲ್ಲಿ ಕಳ್ಳ ಕುಬಸ ಮಾಡುತ್ತಾರೆ. ತವರಿನವರು ಹಸಿರು ಕುಬಸ, ಅಂದರೆ ರವಿಕೆ, ತರಬೇಕು, ಒಳಕೋಣೆಯಲ್ಲಿ ನಾಲ್ಕೈದು ಮುತ್ತೈದೆಯರಷ್ಟೇ ಸೇರಿ ತೊಡಿಸಬೇಕು. ಅವ್ವ ಸಿಂದಗಿಯಲ್ಲಿ ಬಸ್ಸು ಬದಲಿಸಿ, ಮಡಿಲಲ್ಲಿ ಗಂಟು ಇಟ್ಟುಕೊಂಡು ಬಂದಳು. ನನ್ನ ಅಳತೆ ಊರಿನ ದರ್ಜಿಯ ಹತ್ತಿರ ಇತ್ತು, ಅವನಿಂದಲೇ ಹೊಲಿಸಿದ್ದಳು.

ಬಾಗಿಲು ಮುಂದೆ ಎಳೆದುಕೊಂಡು ಕುಬಸ ತೊಡಿಸಿದರು. ತೊಟ್ಟ ಕೂಡಲೇ ಅದು ಭುಜದಿಂದ ಜಾರಿತು. ತೋಳು ಮೊಣಕೈ ಹತ್ತಿರ ಚೀಲದಂತೆ ಜೋತುಬಿತ್ತು. ಹೆಂಗಸರು ನಕ್ಕರು.

"ದರ್ಜಿ ಅಳತಿ ತಪ್ಪ್ಯಾನ ಬಿಡ್ರಿ."

ಅವ್ವ ನಗಲಿಲ್ಲ. ತೋಳಿನೊಳಗೆ ಎರಡು ಬೆರಳು ಹಾಕಿದಳು. ಆಮೇಲೆ ಇಡೀ ಮುಷ್ಟಿ ಹಾಕಿದಳು. ಮುಷ್ಟಿ ಸಲೀಸಾಗಿ ತಿರುಗಿತು.

"ಅಂವ ತಪ್ಪಿಲ್ಲ. ಇದ ಅಳತೀದು ದೀಪಾವಳ್ಯಾಗ ಹೊಲಿಸಿ ಕೊಟ್ಟಿದ್ದೆ, ಮೈಗೆ ಬಿಗಿ ಕುಂತಿತ್ತು. ಬಸುರಿ ಮೈ ತುಂಬತೈತಿ, ಹಿಂಗ ಇಳಿಯೂದಿಲ್ಲ" ಎಂದು ಅತ್ತೆಯ ಕಡೆ ತಿರುಗಿದಳು. "ಬೀಗತ್ಯಾರ, ನನ್ನ ಮಗಳಿಗೆ ಹೊಟ್ಟಿ ತುಂಬ ಹಾಕ್ತೀರೋ ಇಲ್ಲೋ?"

"ಬುಟ್ಟಿ ತುಂಬ ರೊಟ್ಟಿ ಒಣಗಿ ಕುಂತಾವು, ಬಂದು ನೋಡ್ರಿ. ಹಾಕೂದಿಲ್ಲಂತ, ಹಾಕೂದಿಲ್ಲ! ನಿಮ್ಮ ಮಗಳ ಬಾಯಾಗ ನಾ ತುರುಕಬೇಕೇನು? ವಾಂತಿ ಬರೂ ದಿನಾ ಇವು, ಸಣ್ಣಗ ಆಗ್ತಾರ."

"ಒಂದ ದಿನಾ ವಾಂತಿ ಮಾಡ್ಯಾಳೇನು?"

ಅವ್ವ ಅತ್ತೆಯನ್ನು ಅನುಮಾನದಿಂದ ನೋಡುತ್ತಿದ್ದಳು, ಅತ್ತೆ ನನ್ನನ್ನು. ಇಬ್ಬರ ನಡುವೆ ಹಸಿರು ಕುಬಸ ಹಿಡಿದುಕೊಂಡು ನಿಂತ ನನಗೆ ಅಲ್ಲೇ ಎಲ್ಲ ಹೇಳಿಬಿಡಬೇಕೆನಿಸಿತು. ಆದರೆ ಓಣಿಯ ಹೆಂಗಸರಿದ್ದರು.

ಮರುದಿನ ಮೂವರೂ ಮುದ್ದೇಬಿಹಾಳದ ಬಸ್ಸು ಹತ್ತಿದೆವು. ಅಲ್ಲಿ ಒಬ್ಬ ಲೇಡಿ ಡಾಕ್ಟರ್ ಇದ್ದರು, ನಮ್ಮ ಗುರುತಿನವರು ಯಾರೂ ಇರಲಿಲ್ಲ. ಅವರು ತೂಕ ನೋಡಿದರು, ಮೂತ್ರ ನೋಡಿದರು, ಹೊಟ್ಟೆ ಮುಟ್ಟಿ ನೋಡಿದರು. ಏನಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ತಮ್ಮ ಎಲೆಯಡಿಕೆಯ ಸಂಚಿಯಿಂದ ಮಾತ್ರೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟರು.

"ಮಕ್ಕಳಾಗೂ ಗುಳಗಿ ನೋಡ್ರಿ. ಒಂದ ದಿನಾ ತಪ್ಪಿಸಿಲ್ಲ, ನಾನ ನನ್ನ ಕೈಲೆ ಕೊಡ್ತೇನಿ."

ಡಾಕ್ಟರಮ್ಮ ಹೆಸರು ಓದಿ, ಪಟ್ಟಿ ತಿರುಗಿಸಿ, ಮತ್ತೆ ಓದಿ, ನನ್ನ ಮುಖ ನೋಡಿದರು. ಅವರು ನನಗೆ ಹೇಳಲು ಅವಕಾಶ ಕೊಡುತ್ತಿದ್ದಾರೆಂದು ಗೊತ್ತಾಯಿತು. ಹೇಳಿದೆ. ಬೇಳೆ ಹೊತ್ತಿದ್ದರಿಂದ ಹಿಡಿದು ಬಚ್ಚಲಲ್ಲಿ ಉಗುಳಿದ್ದರ ತನಕ. ಅತ್ತೆಯ ಕಡೆ ನೋಡುವ ಧೈರ್ಯವಾಗಲಿಲ್ಲ.

"ಬಸಿರಿಲ್ಲವ್ವಾ" ಎಂದರು ಡಾಕ್ಟರಮ್ಮ. "ಹಸಿವು ಸತ್ತು, ಊಟ ಬಿಟ್ಟು, ಮೈ ಇಷ್ಟ ಇಳದೈತಿ. ಇಷ್ಟ ಇಳದ್ರ ಮುಟ್ಟು ನಿಂತಬಿಡ್ತೈತಿ. ಅದನ್ನ ನೀವು ಬಸಿರು ಅಂದ್ಕೊಂಡೀರಿ."

"ಬಸಿರು ಇದ್ದಿದ್ರ? ಈ ಗುಳಗಿಯಿಂದ ಕೂಸಿಗೆ ಏನಾಗ್ತಿತ್ರಿ?" ಎಂದು ಕೇಳಿದೆ.

"ನನಗ ಗೊತ್ತಿಲ್ಲ. ಗೊತ್ತೈತಿ ಅಂತ ಯಾರರ ಖಾತ್ರಿಲೆ ಹೇಳಿದ್ರ ನಂಬಬ್ಯಾಡ್ರಿ."

ಒಬ್ಬ ಡಾಕ್ಟರರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ಕೇಳಿದ್ದು ಅದೇ ಮೊದಲು. ಆಕೆಯನ್ನು ನಾನು ನಂಬಿದೆ. ಊಟ ಮಾಡದೆ ಮಾತ್ರೆ ಮುಟ್ಟಬೇಡ, ತೂಕ ಏರದಿದ್ದರೆ ಸೊಲ್ಲಾಪುರದವರಿಗೆ ಹೇಳಿ ನಿಲ್ಲಿಸು ಎಂದು ಬರೆದುಕೊಟ್ಟರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಅರ್ಧ ದಾರಿಯಲ್ಲಿ, ಹೊರಗೆ ನೋಡುತ್ತಲೇ ಹೇಳಿದರು:

"ದೇವರ ಮುಂದ ಇಟ್ಟು ಕೊಟ್ಟೆ. ನನ್ನ ಕೈಲೇನ ಕೊಡಿಸಿದ್ರಿ."



ಮರುದಿನ ಮಾತ್ರೆಯ ಪಟ್ಟಿ ಜಗುಲಿಯ ಮೇಲೆ ಇರಲಿಲ್ಲ. ಬಿಸಾಕಿರಬೇಕೆಂದುಕೊಂಡೆ. ಅತ್ತೆ ಅಡುಗೆಮನೆಗೆ ಕರೆದು, ಬಿಸಿ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿ ಹಾಕಿ ಎದುರಿಗೆ ಕುಳಿತರು. ತಿಂದು ಮುಗಿಸಿದ ಮೇಲೆ ಉಪ್ಪಿನ ಡಬ್ಬಿಯ ಹಿಂದಿನಿಂದ ಒಂದು ಮಾತ್ರೆ ತೆಗೆದು ಮುಷ್ಟಿಯಲ್ಲಿ ಹಿಡಿದರು.

"ಇದು ಯಾತಕ್ಕ?"

"ತಲಿಗ್ರಿ."

"ಜೋರ ಹೇಳು."

ಮಜ್ಜಿಗೆ ಕೇಳಲು ಬಂದ ನೆರೆಯಾಕೆ ಬಾಗಿಲಲ್ಲಿ ನಿಂತಿದ್ದಳು. "ನನ್ನ ತಲಿಗೆ" ಎಂದು ಜೋರಾಗಿಯೇ ಹೇಳಿದೆ. ಅತ್ತೆ ಮುಷ್ಟಿ ಬಿಚ್ಚಿದರು. ಅಂದಿನಿಂದ ದಿನಾ ಹೇಳಿಸಿಯೇ ಕೊಟ್ಟರು. ಹಸಿರು ಕುಬಸವನ್ನು ಒಳಗೆ ಹೊಲಿಗೆ ಹಾಕಿ ಬಿಗಿ ಮಾಡಿಸಲು ಬಿಡಲಿಲ್ಲ. ಹುಣ್ಣಿಮೆಗೊಮ್ಮೆ ಅದನ್ನು ತೊಡಿಸಿ ತೋಳಿನಲ್ಲಿ ಕೈ ಹಾಕಿ ನೋಡುತ್ತಿದ್ದರು. ಊಟ ಮಾಡಿದೆ ಎಂಬ ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಹೋಗಿತ್ತು.

ಮುಷ್ಟಿ ಹೋಗುವ ಜಾಗದಲ್ಲಿ ಬರಬರುತ್ತ ಬೆರಳಷ್ಟೇ ಹೋಗತೊಡಗಿತು. ಮುಟ್ಟು ಮರಳಿ ಬಂತು. ಅದರ ಮರುವರ್ಷ ಮತ್ತೆ ನಿಂತಿತು. ಈ ಸಲ ಗಂಡನಿಗೆ ಹೇಳುವ ಮೊದಲು ಅತ್ತೆಗೆ ಹೇಳಿದೆ. ಅವರು ಗಲ್ಲ ಹಿಡಿಯಲಿಲ್ಲ. ಒಳಗೆ ಹೋಗಿ ಕುಬಸ ತಂದು ತೊಡಿಸಿದರು. ತೋಳಿನಲ್ಲಿ ಬೆರಳು ಹೋಗಲಿಲ್ಲ. ಆಗ ಉಪ್ಪಿನ ಡಬ್ಬಿಯ ಹಿಂದಿನಿಂದ ಇಡೀ ಪಟ್ಟಿಯನ್ನೇ ತೆಗೆದು ನನ್ನ ಕೈಯಲ್ಲಿಟ್ಟರು.

"ಈಗ ನೀನ ಹೇಳು. ನುಂಗಬೇಕೋ, ಬ್ಯಾಡೋ?"

ನನಗೂ ಗೊತ್ತಿರಲಿಲ್ಲ. ಮಾತ್ರೆ ಬಿಟ್ಟೆ. ಆ ವಾರವೇ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ಅತ್ತೆ ಅರಿವೆ ತಂದು ಒರೆಸಿದರು. ಕೂಸು ಹುಟ್ಟುವವರೆಗೂ ಒಲೆಯ ಹತ್ತಿರ ಮಾತ್ರ ನನ್ನೊಬ್ಬಳನ್ನೇ ಬಿಡಲಿಲ್ಲ.