ಕೇಕಿನ ತಳದ ನಂಬರು

ಕೊಟ್ಟೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಬೇಕರಿ ಹೆಸರಿಗೆ ಕರಿಸಿದ್ದಪ್ಪನದು. ಭಟ್ಟಿಗೆ ಬೆಂಕಿ ಹಾಕುವುದರಿಂದ ಹಿಡಿದು ಬನ್ನಿನ ನೆತ್ತಿಗೆ ಎಣ್ಣೆ ಸವರುವವರೆಗೆ ಎಲ್ಲ ಕೆಲಸ ಅವನ ಹೆಂಡತಿ ನಾಗಲಿಂಗಮ್ಮನದು. ಕರಿಸಿದ್ದಪ್ಪ ದಾವಣಗೆರೆಯಲ್ಲಿ ಎಂಟು ವರ್ಷ ದುಡಿದು ಕಲಿತದ್ದನ್ನು ಆಕೆ ಅವನ ಪಕ್ಕದಲ್ಲಿ ನಿಂತು ಎಂಟೇ ತಿಂಗಳಲ್ಲಿ ಕಲಿತಿದ್ದಳು. ಇದನ್ನು ಬಂದವರಿಗೆಲ್ಲ ಅವನೇ ಹೆಮ್ಮೆಯಿಂದ ಹೇಳುತ್ತಿದ್ದ. ಹೇಳಿ ಮುಗಿಸಿ ಆರಾಮವಾಗಿ ಗಲ್ಲಾದ ಹಿಂದೆ ಕೂತುಬಿಡುತ್ತಿದ್ದ.

ಎಂಬತ್ಮೂರನೇ ಇಸವಿಯ ಜೂನ್ ತಿಂಗಳಲ್ಲಿ ಶೇಂಗಾ ವ್ಯಾಪಾರಿ ಮರುಳಪ್ಪ ಬೇಕರಿಗೆ ಬಂದ. ಮುಖದ ತುಂಬ ಸಂತೋಷ, ಆದರೆ ಏನು ಬೇಕೆಂದು ಬಂದಿದ್ದೇನೆ ಎನ್ನುವುದು ಅವನಿಗೇ ಸರಿಯಾಗಿ ಗೊತ್ತಿದ್ದಂತಿರಲಿಲ್ಲ.

"ನಮ್ಮ ಹಾಲಸ್ವಾಮಿ ಬಿ.ಎ. ಪಾಸಾಗ್ಯಾನ ತಂಗಿ. ಪಾರ್ಟಿ ಕೊಡಬೇಕಂತ. ಕೇಕು ಇರಬೇಕಂತ."

"ಎಷ್ಟು ಕೆ.ಜಿ. ಕೇಕ್ರಿ ಅಣ್ಣಾರ?"

"ಕೆ.ಜಿ. ಲೆಕ್ಕ ಬ್ಯಾಡ. ನಮ್ಮವ್ವ ಅದಾಳಲ್ಲ, ಶುಭಕಾರ್ಯದ ದಿನ ಸಿಹಿಗೆ ಚಾಕು ಹಾಕಂಗಿಲ್ಲ ಅಂತ ಹಟ ಹಿಡದಾಳ. ಕೊಯ್ಯದಂಗ, ಒಬ್ಬರಿಗೆ ಒಂದು ಬರೋ ಹಂಗ, ಸಣ್ಣ ಸಣ್ಣವು ನೂರು ಬೇಕು. ತತ್ತಿ ಹಾಕಬಾರದು. ಮ್ಯಾಲೆ ಈ ಟೊಪ್ಪಿಗಿ ಇರಬೇಕು."

ಜೇಬಿನಿಂದ ಫೋಟೊ ತೆಗೆದು ತೋರಿಸಿದ. ಹಾಲಸ್ವಾಮಿ ಸ್ಟುಡಿಯೋದವರ ಬಾಡಿಗೆ ಕರಿ ಗೌನು ತೊಟ್ಟು, ತಲೆಯ ಮೇಲೆ ಚೌಕಾಕಾರದ ಕರಿ ಟೊಪ್ಪಿಗೆ ಇಟ್ಟುಕೊಂಡು ನಿಂತಿದ್ದ. ಊಟದ ಮಣೆ ತಲೆಗೆ ಅಂಟಿಕೊಂಡಂತೆ ಕಾಣುತ್ತಿತ್ತು. ನಾಗಲಿಂಗಮ್ಮ ಆ ಟೊಪ್ಪಿಗೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಟೊಪ್ಪಿಗೆ ಮಾಡುವುದು ಹೇಗೆಂದು ಯೋಚಿಸುತ್ತಿದ್ದಾಳೆಂದು ಮರುಳಪ್ಪ ಅಂದುಕೊಂಡ.

ಆಕೆ ಯೋಚಿಸುತ್ತಿದ್ದುದೇ ಬೇರೆ. ಚಿಗಟೇರಿಯ ಹುಡುಗಿ ಅವಳು. ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿಯೂ ಹೆಣ್ಣು ನೋಡುವವರೂ ಒಂದೇ ವಾರದಲ್ಲಿ ಮನೆಗೆ ಬಂದಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷವಾದ ಮೇಲೆ, ಏನು ಹೊಕ್ಕಿತೋ ತಲೆಯಲ್ಲಿ, ಬಾಹ್ಯ ಅಭ್ಯರ್ಥಿಯಾಗಿ ಬಿ.ಎ.ಗೆ ಹಣ ಕಟ್ಟಿದಳು. ಕಾಲೇಜಿನ ಮೆಟ್ಟಿಲು ಹತ್ತದೆ ಮನೆಯಲ್ಲೇ ಓದಿ, ದಾವಣಗೆರೆಗೆ ಹೋಗಿ ಪರೀಕ್ಷೆ ಬರೆದು ಬರುವುದು. ಓಣಿಯವರ ಲೆಕ್ಕದಲ್ಲಿ ಆಕೆ ತಂಗಿಯ ಮನೆಗೆ ಹೋಗಿರುತ್ತಿದ್ದಳು. ಭಟ್ಟಿ ಕಾಯುವವರೆಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಓದಿದಳು. ಕನ್ನಡ ದಾಟಿತು, ಇತಿಹಾಸ ದಾಟಿತು. ಇಂಗ್ಲಿಷ್ ಮಾತ್ರ ಎರಡು ಸಲ ಕೈಕೊಟ್ಟಿತು. ಈ ಏಪ್ರಿಲ್‌ನಲ್ಲಿ ಮೂರನೆಯ ಸಲ ಬರೆದಿದ್ದಳು. ಇದೂ ಆಗದಿದ್ದರೆ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ ಸುಮ್ಮನಾಗುವುದೆಂದು ತೀರ್ಮಾನಿಸಿದ್ದಳು. ಈ ತೀರ್ಮಾನವನ್ನು ಗಂಡನಿಗೂ ಹೇಳಿರಲಿಲ್ಲ. ಪರೀಕ್ಷೆಯ ವಿಷಯ ಗೊತ್ತಿದ್ದದ್ದು ಊರಿನಲ್ಲಿ ಅವನೊಬ್ಬನಿಗೇ, ಎರಡನೆಯ ಸಲದ ನಂತರ ಅವನೂ ಕೇಳುವುದನ್ನು ಬಿಟ್ಟಿದ್ದ.

ಕಾಲೇಜು ಹುಡುಗರ ಫಲಿತಾಂಶ ಬಂದು ತಿಂಗಳಾದ ಮೇಲೆ ಬಾಹ್ಯದವರದು ಬರುವುದು ವಾಡಿಕೆ. ಹಾಗಾಗಿ ಆಕೆ ಕಾಯುತ್ತಿರಲಿಲ್ಲ. ಕಾಯುತ್ತಿಲ್ಲವೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು, ಅಷ್ಟೇ.

ಸಣ್ಣ ಕೇಕಿಗೆ ಅಚ್ಚು ಇರಲಿಲ್ಲ. ತಗಡಿನ ಕೆಲಸದವನಿಂದ ಹಾಲುಪುಡಿ ಡಬ್ಬಿಗಳನ್ನು ಕತ್ತರಿಸಿ ಇಪ್ಪತ್ತು ಬಟ್ಟಲು ಮಾಡಿಸಿದರು. ಬಟ್ಟಲಿಗೆ ಕೇಕು ಹಿಡಿಯಬಾರದೆಂದು ಒಳಗೆ ಎಣ್ಣೆ ಸವರಿದ ಪತ್ರಿಕೆಯ ಚೂರು ಒತ್ತಬೇಕು. ಆಗ ಸಣ್ಣ ಊರಿನ ಬೇಕರಿಗಳಲ್ಲೆಲ್ಲ ಅದೇ ಪದ್ಧತಿ. ಮರುಳಪ್ಪನ ಮನೆಯವರೇ ಒಂದು ಕಟ್ಟು ಹಳೇ ಪೇಪರ್ ಕಳಿಸಿದರು. ಕರಿಸಿದ್ದಪ್ಪ ಅಂದು ಏನೋ ಹುಮ್ಮಸ್ಸಿನಲ್ಲಿ ಗಲ್ಲಾ ಬಿಟ್ಟು ಎದ್ದು ಬಂದು, ಕಟ್ಟನ್ನು ಚೌಕ ಚೌಕವಾಗಿ ಕತ್ತರಿಸಿ, ಲೋಟದ ತಳದಿಂದ ಬಟ್ಟಲೊಳಗೆ ಒತ್ತಿಕೊಟ್ಟ. ಅವನು ಅಪರೂಪಕ್ಕೆ ಕೆಲಸಕ್ಕೆ ಕೈಹಾಕಿದರೆ ಆಗುವುದೇ ಹೀಗೆ, ಆದರೆ ಅದು ಆಮೇಲಿನ ಮಾತು.

ತತ್ತಿಯ ಬದಲು ಮೊಸರು, ಸೋಡಾ. ಬೆಳಿಗ್ಗೆಯಿಂದ ಇಪ್ಪತ್ತಿಪ್ಪತ್ತರಂತೆ ಬೇಯಿಸಿದರು. ಮೇಲೆ ಡಾಲ್ಡಾ ಮತ್ತು ಸಕ್ಕರೆ ಪುಡಿ ನಾದಿದ ಬಿಳಿ ಕ್ರೀಮು. ಟೊಪ್ಪಿಗೆಗೆ ನಾಗಲಿಂಗಮ್ಮ ಸಕ್ಕರೆಯನ್ನು ಕಪ್ಪಾಗುವವರೆಗೆ ಸುಟ್ಟು, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬಿಸಿ ಇರುವಾಗಲೇ ಚೌಕ ಗೆರೆ ಒತ್ತಿ, ಆರಿದ ಮೇಲೆ ಮುರಿದಳು. ಟೊಪ್ಪಿಗೆಯ ಅಂಚಿನಿಂದ ಜೋತುಬೀಳುವ ದಾರಕ್ಕೆ ಏನು ಮಾಡುವುದೆಂದು ಬಹಳ ತಲೆ ಕೆಡಿಸಿಕೊಂಡು ಕೊನೆಗೆ ಒಂದೊಂದು ಎಳೆ ಹುರಿದ ಶಾವಿಗೆ ಅಂಟಿಸಿದಳು. ಸಾಲಾಗಿ ಇಟ್ಟಾಗ ಪದವೀಧರರ ದಂಡೇ ತಟ್ಟೆಯಲ್ಲಿ ಕೂತಂತಿತ್ತು. ಮಧ್ಯಾಹ್ನಕ್ಕೇ ತಯಾರಾದ ನಲವತ್ತನ್ನು ಮರುಳಪ್ಪನ ಆಳು ಬಂದು ಒಯ್ದ.

ಉಳಿದವಕ್ಕೆ ಟೊಪ್ಪಿಗೆ ಇಡುವಾಗ ಒಂದು ಕೇಕು ವಾಲಿತು. ಎತ್ತಿ ಹಿಡಿದಳು. ಎಣ್ಣೆಗೆ ನೆನೆದ ಕಾಗದದ ಮೇಲೆ ಸಾಲು ಸಾಲು ನಂಬರುಗಳು. ಮೇಲೆ ಅರ್ಧ ಹರಿದ ದಪ್ಪಕ್ಷರ: ಬಾಹ್ಯ ಅಭ್ಯ.

"ರೀ, ಇದು ಯಾವತ್ತಿನ ಪೇಪರು?"

"ಹಳೇದು," ಎಂದ ಕರಿಸಿದ್ದಪ್ಪ.

"ಎಷ್ಟು ಹಳೇದು?"

"ಮೊನ್ನೆದು ಇರಬೇಕು. ಯಾಕ?"

ಪಾಸಾದವರ ನಂಬರು ಮಾತ್ರ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲ ಅದು. ಆ ವರ್ಷ ಎರಡೂ ಫಲಿತಾಂಶ ಒಂದೇ ದಿನ, ಒಂದೇ ಹಾಳೆಯ ಹಿಂದೆ ಮುಂದೆ ಅಚ್ಚಾಗಿದ್ದವು. ನಾಗಲಿಂಗಮ್ಮ ಕೈಗಂಟಿದ ಕ್ರೀಮನ್ನೂ ತೊಳೆಯದೆ ವಾಚನಾಲಯಕ್ಕೆ ಓಡಿದಳು. ಅಲ್ಲಿ ಮೊನ್ನೆಯ ಪತ್ರಿಕೆ ಇತ್ತು, ಆ ಹಾಳೆ ಇರಲಿಲ್ಲ. ಯಾವನೋ ಪುಣ್ಯಾತ್ಮ ಹರಿದುಕೊಂಡು ಹೋಗಿದ್ದ. ವಾಪಸು ಬಂದು ಅರವತ್ತು ಕೇಕುಗಳನ್ನೂ ಒಂದೊಂದಾಗಿ ಎತ್ತಿ ತಳ ನೋಡಿದಳು. ಕೆಲವದರಲ್ಲಿ ಸಿನಿಮಾ ಜಾಹೀರಾತು, ಕೆಲವದರಲ್ಲಿ ಹತ್ತಿ ಧಾರಣೆ. ನಂಬರು ಒಳಮುಖವಾಗಿದ್ದ ಏಳು ಕೇಕುಗಳ ಕಾಗದ ಬಿಚ್ಚಿಯೇ ನೋಡಿದಳು. ಒಂದು ಚೂರು ೩೧೮೧೨ಕ್ಕೆ ನಿಲ್ಲುತ್ತಿತ್ತು. ಇನ್ನೊಂದು ೩೧೮೬೬ರಿಂದ ಶುರುವಾಗುತ್ತಿತ್ತು. ಆಕೆಯ ನಂಬರು ೩೧೮೪೭. ನಡುವಿನ ಚೂರು ಬೇಕರಿಯಲ್ಲಿರಲಿಲ್ಲ.

"ಹಂಗಾದ್ರ ಮರುಳಪ್ಪನ ಮನಿಗೆ ಹೋಗೇತಿ," ಎಂದ ಕರಿಸಿದ್ದಪ್ಪ. ಮುಖ ಸಣ್ಣದಾಗಿತ್ತು. "ನಾನು ನೋಡ್ದಂಗ ಕತ್ತರಿಸಿಬಿಟ್ನಲ್ಲ."

"ನೀವು ಗಲ್ಲಾದಾಗ ಕುಂತಿದ್ರ ಚೊಲೋ ಇತ್ತು," ಎಂದಳು. ಸಿಟ್ಟು ಬಂದಿತ್ತೋ ಅಳು ಬಂದಿತ್ತೋ ಆಕೆಗೇ ತಿಳಿಯಲಿಲ್ಲ. ತಿಂಗಳು ತಡೆದರೆ ಅಂಕಪಟ್ಟಿ ಅಂಚೆಯಲ್ಲಿ ಬರುತ್ತಿತ್ತು. ಆದರೆ ನಂಬರು ಇದೇ ಊರಿನಲ್ಲಿ, ಯಾರದೋ ಕೈಯಲ್ಲಿರುವ ಕೇಕಿನ ತಳದಲ್ಲಿದೆ ಎಂದು ಗೊತ್ತಾದ ಮೇಲೆ ತಿಂಗಳು ತಡೆಯುವುದು ಯಾರಿಂದ ಸಾಧ್ಯ?

ಐದು ಗಂಟೆಗೆ ಗಂಡ ಹೆಂಡತಿ ಉಳಿದ ಕೇಕು ಹೊತ್ತು ಮರುಳಪ್ಪನ ಮನೆಗೆ ಹೋದರು. ಅಂಗಳದಲ್ಲಿ ಶಾಮಿಯಾನ, ಕುರ್ಚಿ, ಜನ. ಪಡಸಾಲೆಯ ಗೋಡೆಗೆ ಹಾಲಸ್ವಾಮಿಯ ಟೊಪ್ಪಿಗೆ ಫೋಟೊ, ಅದಕ್ಕೊಂದು ಸೇವಂತಿಗೆ ಹಾರ. ಬದುಕಿರುವವನ ಫೋಟೊಗೆ ಹಾರ ಹಾಕಬಾರದೆಂದು ಒಬ್ಬರು, ಸನ್ಮಾನಕ್ಕೆ ಹಾಕಬಹುದೆಂದು ಇನ್ನೊಬ್ಬರು ವಾದಿಸುತ್ತಿದ್ದರು. ಪಾರ್ಟಿಯೆಂದರೆ ಏನು ಮಾಡಬೇಕೆಂದು ಬಂದವರಿಗೂ ಗೊತ್ತಿರಲಿಲ್ಲ, ಕರೆದವರಿಗೂ ಗೊತ್ತಿರಲಿಲ್ಲ. ಕೆಲವರು ಮದುವೆಯಲ್ಲಿ ಕೊಡುವಂತೆ ಹುಡುಗನಿಗೆ ಆಯೇರಿಯೆಂದು ಟವೆಲ್ಲು ತಂದಿದ್ದರು. ಒಬ್ಬಾಕೆ ಹೆಣ್ಣು ಯಾವೂರದೆಂದು ಕೇಳುತ್ತಿದ್ದಳು.

ಮೊದಲ ನಲವತ್ತು ಕೇಕು ಆಗಲೇ ಹಂಚಿಕೆಯಾಗಿದ್ದವು. ನಾಗಲಿಂಗಮ್ಮ ಕುರ್ಚಿಗಳ ನಡುವೆ ಬಗ್ಗಿ ಬಗ್ಗಿ ಜನ ಬಿಸಾಡಿದ ಕಾಗದ ಆರಿಸತೊಡಗಿದಳು. ಕಸ ತೆಗೆಯಲು ಬಂದವಳೆಂದುಕೊಂಡು ಒಬ್ಬರು ಕುಡಿದ ಚಹದ ಲೋಟವನ್ನೂ ಆಕೆಯ ಕೈಗಿಟ್ಟರು. ಇಟ್ಟುಕೊಂಡಳು. ಮುದುಕನೊಬ್ಬ ಕಾಗದ ಸಮೇತ ಕೇಕನ್ನು ಬಾಯಿಗಿಡುತ್ತಿದ್ದ. "ಅಜ್ಜಾರ, ಪೇಪರ್ ತೆಗೀರಿ," ಎಂದು ಹೆಚ್ಚುಕಡಿಮೆ ಬಾಯಿಯಿಂದಲೇ ಕಿತ್ತುಕೊಂಡಳು. ಅದರಲ್ಲಿ ಬಿತ್ತನೆ ಬೀಜದ ಜಾಹೀರಾತಿತ್ತು.

ಗೋಡೆಯ ಮೂಲೆಗೆ ಹೋಗಿ ಎಣಿಸಿದಳು. ಮೂವತ್ತೊಂಬತ್ತು ಕಾಗದ. ಬೇಕಾದದ್ದು ಇಲ್ಲ. ತಲೆಯೆತ್ತಿ ನೋಡಿದರೆ, ಮರುಳಪ್ಪನ ತಾಯಿ ಶಿವಬಸಮ್ಮ ಪಡಸಾಲೆಯ ಕಂಬಕ್ಕೆ ಒರಗಿ, ಅಂಗೈಯಲ್ಲಿ ಕೇಕು ಇಟ್ಟುಕೊಂಡು, ತಿನ್ನದೆ ಅದನ್ನು ಅನುಮಾನದಿಂದ ನೋಡುತ್ತಾ ಕೂತಿದ್ದಳು.

"ತಿನ್ರಿ ಅವ್ವಾರ," ಎಂದು ನಾಗಲಿಂಗಮ್ಮ ಪಕ್ಕದಲ್ಲಿ ಕೂತಳು.

"ತತ್ತಿ ಹಾಕಿಲ್ಲಂತೀಯಾ?"

"ಇಲ್ರಿ."

"ಆಣಿ ಮಾಡು."

"ಲಿಂಗದಾಣಿಗೂ ಇಲ್ರಿ."

ಮುದುಕಿ ಮೊದಲು ಶಾವಿಗೆ ಎಳೆಯನ್ನು ಕಿತ್ತು ತಿಂದಳು. ಆಮೇಲೆ ಟೊಪ್ಪಿಗೆಯನ್ನು ಬಾಯಲ್ಲಿಟ್ಟು ಹಲ್ಲಿಲ್ಲದ ಒಸಡಿನಿಂದ ಚೀಪುತ್ತಾ ಚೀಪುತ್ತಾ, ತನ್ನ ಕಾಲದಲ್ಲಿ ಹರಪನಹಳ್ಳಿಯಲ್ಲಿ ಸಿಗುತ್ತಿದ್ದ ಬತ್ತಾಸಿನ ಕಥೆ ಹೇಳಿದಳು. ನಾಗಲಿಂಗಮ್ಮ ಹೂಂಗುಟ್ಟಿದಳು. ಕಣ್ಣೆಲ್ಲ ಕೇಕಿನ ತಳದ ಮೇಲಿತ್ತು. ಕಡೆಗೂ ಕೇಕು ಮುಗಿದು ಕಾಗದ ಕೈಗೆ ಬಂತು. ಎರಡು ಪದರವಿತ್ತು. ಬಿಡಿಸಿದಳು. ೩೧೮೧೫, ೩೧೮೨೩, ೩೧೮೩೦, ೩೧೮೩೯. ಅಲ್ಲಿಂದ ಕೆಳಗೆ ಕಿಟಕಿಯಂತೆ ಕತ್ತರಿಯಿಂದ ಕೊಯ್ದ ತೂತು. ತೂತಿನ ಆಚೆ ೩೧೮೫೨. ತೂತು ಮುಚ್ಚಲೆಂದೇ ಕರಿಸಿದ್ದಪ್ಪ ಎರಡನೆಯ ಚೂರು ಒತ್ತಿಕೊಟ್ಟಿದ್ದ.

ಆಕೆಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಯಾರು, ಯಾಕೆ, ತನ್ನ ನಂಬರಿದ್ದ ಜಾಗವನ್ನೇ ಹುಡುಕಿ ಕತ್ತರಿಸಿದರು? ಹಾಳೆ ತಿರುವಿದಳು. ಆ ಬದಿಯಲ್ಲಿ ಕಾಲೇಜು ಹುಡುಗರ ನಂಬರುಗಳು. ಆಗ ಗೋಡೆಯ ಕಡೆ ನೋಡಿದಳು. ಹಾರ ಹಾಕಿದ ಫೋಟೊದ ಕೆಳಗೆ ರಟ್ಟಿನ ಮೇಲೆ, ಎರಡು ಬೆರಳು ಅಗಲದ ಪತ್ರಿಕೆಯ ಚೂರು ಅಂಟಿಸಿ ಹಾಲಸ್ವಾಮಿಯ ನಂಬರಿಗೆ ಕೆಂಪು ಗೆರೆ ಎಳೆದಿದ್ದರು. ಆಕೆಯ ಪಾಸೋ ನಪಾಸೋ ಅದರ ಬೆನ್ನಿಗಿತ್ತು, ಮೈದಾ ಅಂಟಿನಲ್ಲಿ ಮುಖ ಕೆಳಗಾಗಿ.

ಕೇಳುವುದೆಂದರೆ ಊರ ಮುಂದೆ ಹೇಳುವುದು. ಹೇಳಿದ ಮೇಲೆ ನಂಬರು ಇಲ್ಲದಿದ್ದರೆ? ಕೇಕು ಮಾಡುವವಳು ಮೂರು ಸಲ ಫೇಲು ಎಂದು ನಾಳೆ ಬನ್ನು ಒಯ್ಯಲು ಬಂದವರೆಲ್ಲ ಆಡಿಕೊಳ್ಳುವುದಿಲ್ಲವೇ? ಸುಮ್ಮನೆ ಮನೆಗೆ ಹೋಗಿಬಿಡೋಣ ಅನ್ನಿಸಿತು. ಎದ್ದಳು. ಕಾಲು ಬಾಗಿಲ ಕಡೆ ಹೋಗದೆ ಗೋಡೆಯ ಕಡೆ ಹೋಯಿತು.

"ಏನ್ ನೋಡಾಕ್ಹತ್ತೀರಿ ಅಕ್ಕಾ?" ಹಾಲಸ್ವಾಮಿ ಹಿಂದೆ ಬಂದು ನಿಂತಿದ್ದ.

"ನಿಮ್ಮ ನಂಬರಿನ ಹಿಂದ ನನ್ನ ನಂಬರೈತಪ್ಪಾ," ಎಂದಳು. ದನಿ ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ಇದ್ರ ಐತಿ. ಇಲ್ಲಾಂದ್ರ ಇಲ್ಲ. ನಾನೂ ಬಿ.ಎ. ಕಟ್ಟೀನಿ. ಎರಡು ಸಲ ಫೇಲಾಗೀನಿ, ಇದು ಮೂರನೇದು."

ಕುರ್ಚಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಕರಿಸಿದ್ದಪ್ಪ ಖಾಲಿ ತಟ್ಟೆ ಹಿಡಿದುಕೊಂಡೇ ಹೆಂಡತಿಯ ಪಕ್ಕಕ್ಕೆ ಬಂದ. ಅಲ್ಲೇ ನಿಂತ. ಅವನು ಹಾಗೆ ನಿಂತದ್ದು ಆಕೆಗೆ ಧೈರ್ಯ ಕೊಟ್ಟಿತು.

ಹಾಲಸ್ವಾಮಿ ರಟ್ಟನ್ನು ಗೋಡೆಯಿಂದ ಇಳಿಸಿದ.

"ಲೇ, ಅದನ್ಯಾಕ ಕೀಳ್ತಿ?" ಎಂದ ಮರುಳಪ್ಪ.

"ನಂದು ಗೊತ್ತಾಗೇತಲ್ಲಪ್ಪಾ. ಅವರದು ಗೊತ್ತಾಗಬೇಕು."

ಚಹದ ಪಾತ್ರೆಯ ಹಬೆಗೆ ಹಿಡಿದ. ಅಂಟು ಮೆತ್ತಗಾಯಿತು. ಒಂದು ಮೂಲೆ ಎದ್ದಿತು, ಇನ್ನೊಂದು ಮೂಲೆ ಹರಿದು ಅವನ ನಂಬರಿನ ಎರಡು ಅಂಕಿ ರಟ್ಟಿನ ಮೇಲೇ ಉಳಿದವು. ಬಿಡಿಸಿದ ಚೂರನ್ನು ತಾನು ಓದದೆ ಆಕೆಯ ಅಂಗೈಯಲ್ಲಿಟ್ಟ.

ಮೈದಾ ಮೆತ್ತಿಕೊಂಡಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದಳು. ೩೧೮೪೧. ೩೧೮೪೪. ೩೧೮೪೭. ೩೧೮೫೦. ಮೊದಲಿಂದ ಮತ್ತೆ ಓದಿದಳು. ಸೆರಗಿನ ಗಂಟಿನಲ್ಲಿ ಸದಾ ಕಟ್ಟಿಕೊಂಡಿರುತ್ತಿದ್ದ ಹಾಲ್ ಟಿಕೇಟು ತೆಗೆದು ಪಕ್ಕದಲ್ಲಿಟ್ಟು ಒಂದೊಂದೇ ಅಂಕಿ ಹೊಂದಿಸಿದಳು. ಆಮೇಲೆ ಚೂರನ್ನು ಗಂಡನ ಕಡೆ ಚಾಚಿ, "ನೀವೂ ಒಮ್ಮೆ ಓದ್ರಿ," ಎಂದಳು. ಅವನು ಓದುವಷ್ಟರಲ್ಲಿ ಆಕೆಗೆ ಅಳು ತಡೆಯಲಾಗಲಿಲ್ಲ. ಅಷ್ಟು ಜನರ ನಡುವೆ ನಿಂತು ನಾಚಿಕೆಯಿಲ್ಲದೆ ಅತ್ತಳು, ಅಷ್ಟು ಖುಷಿಯಾಗಿತ್ತು.

"ಪಾಸೇನ?" ಎಂದಳು ಶಿವಬಸಮ್ಮ ಕಂಬದ ಬುಡದಿಂದ.

"ಪಾಸ್ರಿ," ಎಂದ ಕರಿಸಿದ್ದಪ್ಪ.

ಯಾರೋ ಕುರ್ಚಿ ತಂದಿಟ್ಟರು. ಮರುಳಪ್ಪ ಟವೆಲ್ಲುಗಳ ರಾಶಿಯಿಂದ ಒಂದನ್ನು ತೆಗೆದು, ಹೆಂಗಸಿಗೆ ಟವೆಲ್ಲು ಹೊದಿಸಬಹುದೋ ಬಾರದೋ ಎಂದು ಅಳುಕಿ, ಮಡಚಿ ಆಕೆಯ ಕೈಗೇ ಕೊಟ್ಟ. ಕೊಟ್ಟು ಎದುರಿಗೆ ಕೂತು, ಪಾಸಾದವರನ್ನು ಎಲ್ಲರೂ ಕೇಳುವ ಮಾತನ್ನೇ ಕೇಳಿದ.

"ಮುಂದೇನು ಮಾಡಬೇಕಂತೀ ತಂಗಿ?"

ನಾಗಲಿಂಗಮ್ಮ ಉತ್ತರ ಹೇಳಲು ಬಾಯಿ ತೆರೆದಳು. ಏನೂ ಹೊಳೆಯಲಿಲ್ಲ. ಗಂಡನ ಮುಖ ನೋಡಿದಳು, ಅವನಿಗೂ ಹೊಳೆಯಲಿಲ್ಲ. ಹುಟ್ಟಿ ಮೂವತ್ತಾರು ವರ್ಷವಾಗಿತ್ತು. ಅದುವರೆಗೆ ಆ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ.