ಕಾಫಿ ಸೋಸುವ ಕಾಗದ, ಕಮಲಮ್ಮನ ಬಟ್ಟೆ

ಎರಡನೇ ಶನಿವಾರ, ಸಂಜೆ ನಾಲ್ಕು ಇಪ್ಪತ್ತು. ತಲೆಗಾತ್ರದ ಕಲ್ಲೊಂದು ನಮ್ಮ ಜಗಲಿಯ ಹೆಂಚು ಒಡೆದು ಕೆಳಗೆ ಬಿತ್ತು. ಅರೆಗಳಿಗೆ ಮುಂಚೆ ಅಲ್ಲಿ ಪಕ್ಕದ ಮನೆಯ ಕಮಲಮ್ಮ ಕೂತಿದ್ದರು.

ವಿಜಯಪುರದಿಂದ ಪಾಂಡವಪುರದ ಬ್ಯಾಂಕಿನ ಕೆಲಸಕ್ಕೆ ಬಂದ ನಾನು ಹತ್ತಿರದ ಚಿನಕುರಳಿಯಲ್ಲಿ ಬಾಡಿಗೆಗಿದ್ದೇನೆ. ಊರ ಪಕ್ಕದ ಕಲ್ಲು ಕ್ವಾರಿಯಲ್ಲಿ ಬಂಡೆ ಸಿಡಿಸುವ ಮುಂಚೆ ಸೀಟಿ ಊದುತ್ತಾರೆ. ಅವತ್ತು ಊದಲಿಲ್ಲ.

ನಮ್ಮ ಕಡೆ ಮನೆಮನೆಯಲ್ಲೂ ಚಹಾ, ಇಲ್ಲಿ ಕಾಫಿ. ನಾನು ಕಾಫಿ ಕಲಿತದ್ದು ಹಾಸ್ಟೆಲಿನಲ್ಲಿ: ಗಾಜಿನ ಆಲಿಕೆಯೊಳಗೆ ಕಾಗದ ಮಡಿಸಿಟ್ಟು, ಪುಡಿ ಹಾಕಿ, ಮೇಲಿಂದ ಬಿಸಿನೀರು ಸುರಿಯುವುದು. ಬಡಗಿಯ ಹೆಂಡತಿ ಕಮಲಮ್ಮ ಪುಡಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಅದನ್ನೇ ತೊಳೆದು ತಂತಿಗೆ ಹಾಕುವವರು. ಅವತ್ತು ನಾನು ಕಾಗದವನ್ನು ಕಸದ ಡಬ್ಬಿಗೆ ಹಾಕುವ ಹೊತ್ತಿಗೆ ಅವರು ಎದ್ದು ಒಳಗೆ ಬಂದಿದ್ದರು.

"ಕಾಸು ಕೊಟ್ಟು ತರ್ಸಿ ಒಂದೇ ಸಲಕ್ಕೆ ಬಿಸಾಕ್ತೀಯಲ್ಲವ್ವಾ! ನಮ್ಮನೆ ಬಟ್ಟೆ ಎಷ್ಟ್ ದಿನ ಬತ್ತದೆ ಗೊತ್ತಾ?"

"ಬಟ್ಟೀಗೆ ವಾಸನಿ ಹಿಡೀತದ್ರೀ," ಎನ್ನುತ್ತಿದ್ದೆ. ಆಗಲೇ ಆ ಸದ್ದು.

ಅಂದಿನಿಂದ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಹೆಂಚಿನ ಚೂರು, ಧೂಳು, ಖಾಲಿ ಚಾಪೆ. ನಾನೂ ಬಟ್ಟೆಯಲ್ಲೇ ಸೋಸುತ್ತಿದ್ದರೆ ಬಯ್ಯಲು ಅವರು ಏಳುತ್ತಲೇ ಇರಲಿಲ್ಲ ಎಂಬ ಯೋಚನೆ ತಲೆಯಲ್ಲಿ ಕೂತುಬಿಟ್ಟಿತು. ಕಾಗದ ಮುಗಿದರೆ ಮತ್ತೇನಾದರೂ ಆದೀತೆಂದು ಎರಡು ಕಟ್ಟು ಹೆಚ್ಚಿಗೆ ತರಿಸಿದೆ. ವರ್ಗಾವಣೆ ಕೇಳಿಬಿಡೋಣ ಅನ್ನಿಸುತ್ತಿತ್ತು.

ಊರಿನವರು ಹೋಗಿ ಜಗಳವಾಡಿದ ಮೇಲೆ ಆ ಕಡೆ ಬಂಡೆ ಸಿಡಿಸುವುದು ನಿಂತಿತು. ಹೊಸ ಹೆಂಚು ಹೊದಿಸಿದ್ದಾಯಿತು. ಆದರೂ ನಾನು ಜಗಲಿಯಲ್ಲಿ ಕೂರಲಿಲ್ಲ. ಕೊನೆಗೊಮ್ಮೆ ಕಮಲಮ್ಮನಿಗೆ ಎಲ್ಲ ಹೇಳಿದೆ. ಅವರು ನಕ್ಕುಬಿಟ್ಟರು.

"ಅಯ್ಯೋ ಪೆದ್ದಿ, ನಿನ್ ಕಾಗ್ದ ನೋಡಕ್ಕಾ ನಾನ್ ಎದ್ದಿದ್ದು? ಕಾಫಿ ಗಮ್ ಅಂತು, ಎದ್ದು ಬಂದೆ. ನೀನೋ ಮಾತಾಡ್ತಾ ಮಾತಾಡ್ತಾ ಆರಿಸ್ಬುಡ್ತೀಯ. ಬಟ್ಟೇಲಿ ಸೋಸಿದ್ರೂ ಬತ್ತಿದ್ದೆ ಕಣವ್ವ."

ಆ ಭಾನುವಾರ ಅವರೇ ತೆಳು ಬಟ್ಟೆಯೊಂದನ್ನು ಚೀಲದಂತೆ ಹೊಲಿದು, ಗಂಡ ಮಾಡಿಕೊಟ್ಟ ಮರದ ಬಳೆಗೆ ಸಿಕ್ಕಿಸಿ ತಂದರು. ಸೋಪು ಮುಟ್ಟಿಸದೆ ಬಿಸಿನೀರಲ್ಲಿ ತೊಳೆದರೆ ವಾಸನೆ ಬರುವುದಿಲ್ಲವಂತೆ. ಕಾಗದದಲ್ಲಿ ಕಾಫಿ ತಿಳಿಯಾಗಿ ಇಳಿಯುತ್ತಿತ್ತು. ಬಟ್ಟೆಯಲ್ಲಿ ತುಸು ಮಂದವಾಗಿ ಇಳಿಯಿತು, ಹಾಲಿಗೆ ಚೆನ್ನಾಗಿ ಹೊಂದಿತು. ಜಗಲಿಯ ಅದೇ ಜಾಗದಲ್ಲಿ ಕೂತು ಅವರು ಲೋಟ ಚಾಚಿದರು. ನಾನೂ ಪಕ್ಕದಲ್ಲಿ ಕೂತೆ.

ಅವತ್ತು ರಾತ್ರಿ ಒಮ್ಮೆಯೂ ಎಚ್ಚರವಾಗಲಿಲ್ಲ. ಬೆಳಿಗ್ಗೆ ಎಬ್ಬಿಸಿದ್ದು ಅವ್ವನ ಫೋನು.

"ಮನಿಗಿ ಯಾವಾಗ ಬರ್ತಿ?"

ಹಬ್ಬಕ್ಕೆ ಬರುತ್ತೇನೆಂದೆ, ತಂತಿಯ ಮೇಲಿನ ಬಟ್ಟೆ ಒಣಗಿದೆಯೇ ಎಂದು ಮುಟ್ಟಿ ನೋಡುತ್ತ. ಅವ್ವನಿಗೂ ಕಾಫಿ ಸೋಸಿಕೊಡಲು ಉಳಿದ ಕಾಗದವನ್ನೆಲ್ಲ ಅಲ್ಲಿಗೆ ಒಯ್ಯುತ್ತೇನೆ. ಈ ಬಟ್ಟೆ ಇಲ್ಲೇ ಇರಲಿ.