ಹೋಳಿಗೆ ಆಂಟಿ ಒಪ್ಪದ ಆರ್ಡರು

ಅವರ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗೆರೆಗಳಿದ್ದವು. ಕೆಲವು ಹಳೆಯವು, ಬಿಳಿಚಿಕೊಂಡಿದ್ದವು. ಒಂದೆರಡು ಯಾವಾಗಲೂ ಹೊಸವು, ಕೆಂಪಗೆ. ದೂರದಿಂದ ನೋಡಿದರೆ ಕೈತುಂಬ ಬಳೆ ತೊಟ್ಟ ಹಾಗೆ ಕಾಣುತ್ತಿತ್ತು. ನಿಜವಾದ ಬಳೆಗಳನ್ನು ಕೆಲಸದ ದಿನ ಬಿಚ್ಚಿ ಬೇಳೆಯ ಡಬ್ಬದ ಮೇಲೆ ಇಡುತ್ತಿದ್ದರು. "ಆಂಟಿ, ಅದಕ್ಕೆ ಏನಾದ್ರೂ ಹಚ್ಕೊಳ್ಳಬಾರದಾ?" ಎಂದು ಒಮ್ಮೆ ಕೇಳಿದ್ದಕ್ಕೆ, "ನಾಳೆ ಮತ್ತ ಸುಡ್ತದಲ್ಲ ತಂಗಿ, ಎಷ್ಟಂತ ಹಚ್ಚಲಿ?" ಎಂದು ನಕ್ಕಿದ್ದರು.

ನ್ಯೂಜೆರ್ಸಿಯ ನಮ್ಮ ಕಡೆಯ ಕನ್ನಡದವರಿಗೆಲ್ಲ ಅವರು ಹೋಳಿಗೆ ಆಂಟಿ. ಊರು ಧಾರವಾಡ, ಮನೆ ಹಿಲ್ಸ್‌ಬರೋದಲ್ಲಿ. ಗಂಡ ತೀರಿಕೊಂಡ ಮೇಲೆ ಗರಾಜನ್ನೇ ಅಡಿಗೆಮನೆ ಮಾಡಿಸಿಕೊಂಡು ಅಡಿಗೆಯ ಆರ್ಡರು ಹಿಡಿಯಲು ಶುರುಮಾಡಿದ್ದರು. ಟೌನ್‌ಶಿಪ್‌ನವರು ಕೊಟ್ಟ ಪರ್ಮಿಟ್ಟಿಗೆ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿದ್ದರು. ಕೈಮುಗಿಯುವಾಗ ಎರಡಕ್ಕೂ ಸೇರಿಸಿಯೇ ಮುಗಿಯುತ್ತಿದ್ದರು. ನಾನು ಹಾಸನದವಳು, ನನಗೆ ಅದು ಒಬ್ಬಟ್ಟು. ಆ ಗರಾಜಿನಲ್ಲಿ ಒಬ್ಬಟ್ಟು ಎಂದರೆ ಮಾತ್ರ ಅವರಿಗೆ ಸಿಟ್ಟು ಬರುತ್ತಿತ್ತು.

ನಾನು ಮೊದಲ ಸಲ ಅಲ್ಲಿಗೆ ಹೋಗಿದ್ದು ಗಿರಾಕಿಯಾಗಿ. ಮಗನ ಮೊದಲನೆಯ ಹುಟ್ಟುಹಬ್ಬಕ್ಕೆ ಇನ್ನೂರು ಜನರ ಊಟ ಬೇಕೆಂದು ಹಿಂದಿನ ದಿನ ಫೋನಿನಲ್ಲಿ ತಿಳಿಸಿ, ಏನೇನು ಬೇಕೆಂದು ಬರೆಸಿ ಮುಂಗಡ ಕೊಡಲು ಹೋಗಿದ್ದೆ. ಇನ್ನೂರು! ಈಗ ನೆನೆಸಿಕೊಂಡರೆ ನನಗೇ ನಾಚಿಕೆಯಾಗುತ್ತದೆ. ಆಗ ನಾವು ಪಿಸ್ಕಾಟವೇಯ ಎರಡು ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮಗ ಹುಟ್ಟುವ ಹೊತ್ತಿಗೆ ಸರಿಯಾಗಿ ನನ್ನ ಗಂಡನ ಪ್ರಾಜೆಕ್ಟ್ ಮುಗಿದು ಐದು ತಿಂಗಳು ಸಂಬಳವಿರಲಿಲ್ಲ. ಆಸ್ಪತ್ರೆಯ ಬಿಲ್ಲು ಒಂದು ಕಾರ್ಡಿಗೆ ಹೋಯಿತು. ಮಾವನವರಿಗೆ ಹುಷಾರಿಲ್ಲವೆಂದು ಎಲ್ಲರೂ ಊರಿಗೆ ಹೋಗಿಬಂದ ಟಿಕೆಟ್ಟು ಇನ್ನೊಂದಕ್ಕೆ. ದಿನಸಿ ಮೂರನೆಯದಕ್ಕೆ. ಆಮೇಲೆ ಆ ಮೂರರ ಕಂತು ಕಟ್ಟಲು ನಾಲ್ಕನೆಯದು ತೆಗೆದುಕೊಂಡೆವು. ಅವರಿಗೆ ಮತ್ತೆ ಕೆಲಸ ಸಿಕ್ಕಿತು, ಆದರೆ ತಿಂಗಳ ಸಂಬಳದಲ್ಲಿ ಬಾಡಿಗೆ, ಬಡ್ಡಿ ಕಳೆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ನನಗೂ ಕೆಲಸದ ಪರ್ಮಿಟ್ ಇತ್ತು. ಆದರೆ ಇಬ್ಬರು ಮಕ್ಕಳ ಡೇಕೇರ್ ಫೀಸು ನನಗೆ ಸಿಗಬಹುದಾದ ಸಂಬಳಕ್ಕಿಂತ ಜಾಸ್ತಿ.

ಇಷ್ಟೆಲ್ಲ ಇದ್ದೂ ಇನ್ನೂರು ಜನ ಯಾಕೆ? ಎಲ್ಲರ ಮನೆಯ ಬರ್ತ್‌ಡೇಗೂ ಹೋಗಿ ಉಂಡು ಬಂದಿದ್ದೆವು. ತಿರುಗಿ ಕರೆಯದಿದ್ದರೆ ಏನಂದುಕೊಳ್ಳುತ್ತಾರೆ ಎನ್ನುವುದೇ ನನಗೆ ದೊಡ್ಡ ಚಿಂತೆಯಾಗಿತ್ತು. ಹಾಲ್‌ಗೆ ಮುಂಗಡವನ್ನೂ ಕೊಟ್ಟಾಗಿತ್ತು, ಕಾರ್ಡಿನಲ್ಲೇ.

ಆಂಟಿ ಕನ್ನಡಕ ಏರಿಸಿಕೊಂಡು ನಾನು ಹೇಳಿದ್ದನ್ನೆಲ್ಲ ಬರೆದುಕೊಂಡರು. ಹೋಳಿಗೆ, ಬಿಸಿಬೇಳೆಬಾತ್, ಎರಡು ಪಲ್ಯ, ಮಕ್ಕಳಿಗೆ ಪಾಸ್ತಾ. ಮುಂಗಡ ಕೊಡಲು ನಾನು ಪರ್ಸ್ ತೆರೆದು ಒಂದು ಕಾರ್ಡು ಎಳೆದೆ. ಪಕ್ಕದಲ್ಲಿ ನಿಂತಿದ್ದ ಐದು ವರ್ಷದ ಮಗಳು ನನ್ನ ಕುರ್ತಾ ಜಗ್ಗಿದಳು.

"ಅಮ್ಮಾ, ನಾಟ್ ದ ಬ್ಲೂ ಒನ್. ಬ್ಲೂ ಒನ್ ಡಸಂಟ್ ವರ್ಕ್."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹಿಂದಿನ ವಾರ ದಿನಸಿ ಅಂಗಡಿಯಲ್ಲಿ ಆ ನೀಲಿ ಕಾರ್ಡು ನಡೆಯದೆ, ಕ್ಯೂನಲ್ಲಿದ್ದವರ ಮುಂದೆ ಅರ್ಧ ಸಾಮಾನು ವಾಪಸ್ ಇಟ್ಟು ಬಂದಿದ್ದೆ. ಅದು ಅವಳ ನೆನಪಿನಲ್ಲಿತ್ತು. "ಸುಮ್ನಿರೇ" ಎಂದು ಗದರಿ ಇನ್ನೊಂದು ಕಾರ್ಡು ತೆಗೆದೆ. ಆಂಟಿ ಅದನ್ನು ಮುಟ್ಟಲಿಲ್ಲ. ಕಾವಲಿಯಿಂದ ಆಗಷ್ಟೇ ಇಳಿದ ಹೋಳಿಗೆಯನ್ನು ನಾಲ್ಕಾಗಿ ಮಡಿಚಿ ಮಗಳ ಕೈಗೆ ಕೊಟ್ಟರು. ಆಮೇಲೆ ಬರೆದಿದ್ದ ಹಾಳೆಗೆ ಉದ್ದಕ್ಕೆ ಗೀಟು ಹಾಕಿದರು.

"ಈ ಆರ್ಡರ್ ನಾ ತಗೊಳ್ಳಂಗಿಲ್ಲ ತಂಗಿ."

"ಯಾಕೆ ಆಂಟಿ? ಡೇಟ್ ಖಾಲಿ ಇಲ್ವಾ?"

"ಡೇಟ್ ಅದ. ಯಾವ ಕಾರ್ಡ್ ನಡೀತದ, ಯಾವುದು ನಡೆಯಂಗಿಲ್ಲ ಅನ್ನೂದು ಐದು ವರ್ಷದ ಕೂಸಿಗೆ ಗೊತ್ತಿರಬಾರದು. ಸಾಲ ತೀರಿಸಿ ಬಾ. ಅವತ್ತ ತಗೋತೀನಿ."

ನಾನು ಮಗಳ ಕೈ ಹಿಡಿದು ದರದರ ಎಳೆದುಕೊಂಡು ಬಂದೆ. ಕಾರಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ ಗಂಡನಿಗೆ ಎಲ್ಲ ಹೇಳಿ, "ತಲೆ ಕೆಟ್ಟ ಮುದುಕಿ! ಅಡಿಗೆ ಮಾಡೋಳಿಗೆ ಊರ ಉಸಾಬರಿ ಯಾಕೆ?" ಎಂದು ಕೂಗಾಡಿದೆ. ಅವರು ಮಗುವನ್ನು ಹಿಂದಿನ ಸೀಟಿಗೆ ಕಟ್ಟಿ ಕಾರು ಹೊರಡಿಸಿದರು. ಮನೆ ಹತ್ತಿರ ಬಂದಾಗ ಮೆಲ್ಲಗೆ, "ಅವರು ಹೇಳಿದ್ದರಲ್ಲಿ ತಪ್ಪೇನಿದೆ ಕಣೇ?" ಎಂದರು. ಎರಡು ದಿನ ನಾನು ಅವರ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ನಾನೇ ಹಾಲ್‌ನವರಿಗೆ ಫೋನ್ ಮಾಡಿ ಬೇಡವೆಂದೆ. ಮುಂಗಡದಲ್ಲಿ ಅರ್ಧ ಮುಳುಗಿತು. ಮಗನ ಹುಟ್ಟುಹಬ್ಬ ಮನೆಯಲ್ಲೇ ಆಯಿತು, ಒಂದು ಸಣ್ಣ ಕೇಕು, ಒಂದು ಪಾತ್ರೆ ಶಾವಿಗೆ ಪಾಯಸ. ಮಗುವಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ, ಅತ್ತವಳು ನಾನು.

ಮಾರನೆಯ ವಾರ ಆಂಟಿಯೇ ಫೋನ್ ಮಾಡಿದರು. ಕ್ಷಮೆ ಕೇಳುತ್ತಾರೇನೋ ಎಂದು ಎತ್ತಿದೆ. "ಶನಿವಾರ ಖಾಲಿ ಇದ್ದೀಯೇನು? ಲಟ್ಟಸಲಿಕ್ಕೆ ಬರ್ತದೇನು?" ಎಂದರು. ನ್ಯೂಯಾರ್ಕಿನ ಬೆಲ್‌ರೋಸ್ ಕಡೆಯ ಇಂಡಿಯನ್ ಅಂಗಡಿಗಳವರು ಹೋಳಿಗೆ ಪ್ಯಾಕೆಟ್ಟು ಇನ್ನಷ್ಟು ಬೇಕೆನ್ನುತ್ತಿದ್ದಾರಂತೆ, ಒಬ್ಬರ ಕೈಯಲ್ಲಿ ಆಗುವುದಿಲ್ಲವಂತೆ. "ಗಂಟೆ ಲೆಕ್ಕದಾಗ ಕೊಡ್ತೀನಿ. ಮಕ್ಕಳನ್ನೂ ಕರಕೊಂಡ ಬಾ." ನನ್ನ ಬಿಂಕ ಎಲ್ಲಿ ಹೋಯಿತೋ, ಹೂಂ ಅಂದುಬಿಟ್ಟೆ.

ಹೀಗೆ ಮೂರು ವರ್ಷ ನಮ್ಮ ಶನಿವಾರಗಳೆಲ್ಲ ಆ ಗರಾಜಿನಲ್ಲಿ ಕಳೆದವು. ಮಗ ಒಂದು ಮೂಲೆಯ ಪ್ಲೇಪೆನ್ನಿನಲ್ಲಿ ಚಮಚ ಬಡಿಯುತ್ತಿದ್ದ. ಮಗಳಿಗೆ ಒಂದು ಉಂಡೆ ಕಣಕ ಕೊಟ್ಟರೆ ಮಧ್ಯಾಹ್ನದವರೆಗೂ ಅದರಲ್ಲೇ ಡೈನೋಸಾರ್ ಮಾಡುತ್ತಿದ್ದಳು. ಭಾನುವಾರ ಬೆಳಿಗ್ಗೆ ನನ್ನ ಗಂಡ ಸೇತುವೆಯ ಟೋಲಿಗೆ ಗೊಣಗಿಕೊಂಡು ಬೆಲ್‌ರೋಸ್‌ಗೆ ಡ್ರೈವ್ ಮಾಡಿ ಪ್ಯಾಕೆಟ್ಟುಗಳನ್ನು ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದರು. ಅದಕ್ಕೂ ಆಂಟಿ ಬೇರೆ ಕೊಡುತ್ತಿದ್ದರು. ಬಂದ ದುಡ್ಡೆಲ್ಲ ಮೊದಲು ನೀಲಿ ಕಾರ್ಡಿಗೆ ಹೋಯಿತು.

ಲಟ್ಟಿಸುವುದನ್ನು ಅವರು ನನಗೆ ಬೈದು ಬೈದೇ ಕಲಿಸಿದರು. "ಬಟ್ಟಿ ತಿಕ್ಕಿದಂಗ ತಿಕ್ಕಬ್ಯಾಡ, ಹೂರಣ ಅಂಚಿನ ತನಕಾ ಹೋಗಬೇಕು, ಅಂಚಿನಾಗ ಬರೇ ಕಣಕ ತಿಂದವ್ರು ನನಗ ಬೈತಾರ." ಕಾವಲಿಯಿಂದ ಮೊದಲು ಇಳಿದ ಹೋಳಿಗೆ ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ. ಸೀದುಹೋದ ಹೋಳಿಗೆಯನ್ನು ಮಾರುವ ಹಾಗಿಲ್ಲ, ಎಸೆಯುವ ಹಾಗೂ ಇಲ್ಲ. ಅದನ್ನು ಯಾರು ಸುಟ್ಟಿದ್ದರೂ, ನಾನು ಸುಟ್ಟಿದ್ದರೂ, ಆಂಟಿ ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಿದ್ದರು. "ಹೊತ್ತಿದ್ದು ನನ್ನ ಪಾಲು" ಎಂದು ತುಪ್ಪ ಸವರಿಕೊಂಡು ತಿನ್ನುತ್ತಿದ್ದರು. ಮೊದಲ ತಿಂಗಳಲ್ಲಿ ಪಾಪ, ಅವರಿಗೆ ಬೇರೆ ಊಟವೇ ಬೇಕಾಗುತ್ತಿರಲಿಲ್ಲ.

ಒಂದು ವಿಷಯ ಮಾತ್ರ ನನಗೆ ಚುಚ್ಚುತ್ತಿತ್ತು. ಆ ಮೊದಲ ಚಳಿಗಾಲ ಪೂರ್ತಿ ಅವರು ನಮ್ಮನ್ನು ಒಂದು ದಿನವೂ ಮನೆಯೊಳಗೆ ಕರೆಯಲಿಲ್ಲ. ಊಟ, ಕಾಫಿ, ಮಗುವಿನ ನಿದ್ದೆ ಎಲ್ಲ ಗರಾಜಿನಲ್ಲೇ. ಒಮ್ಮೆ ಮಗಳು ಒಳಬಾಗಿಲ ಹಿಡಿಗೆ ಕೈಹಾಕಿದಾಗ ಓಡಿಬಂದು ಅಡ್ಡ ನಿಂತರು. "ಒಳಗ ಯಾಕ ಪುಟ್ಟಾ, ಇಲ್ಲೇ ಒಲಿ ಮುಂದ ಬೆಚ್ಚಗ ಅದ" ಎಂದರು. ಕೂಲಿಗೆ ಬರುವವರಿಗೆ ಇಷ್ಟೇ ಮರ್ಯಾದೆ ಎಂದು ನಾನು ಮನೆಗೆ ಬಂದು ಗಂಡನ ಮುಂದೆ ಹಲುಬಿದ್ದೆ. ಮುಂದಿನ ವರ್ಷ ದಸರಾ ಹೊತ್ತಿಗೆ ಅವರೇ ಬಾಗಿಲು ತೆಗೆದು, ಒಳಗೆ ಕೂರಿಸಿ, ಹೂವು ಹಣ್ಣು ಕೊಟ್ಟರು. ಅಂತೂ ಪರೀಕ್ಷೆಯಲ್ಲಿ ಪಾಸಾದೆ ಎಂದುಕೊಂಡೆ.

ಆ ವರ್ಷವೇ ಥ್ಯಾಂಕ್ಸ್‌ಗಿವಿಂಗ್ ಸೇಲ್‌ನಲ್ಲಿ ನನ್ನ ಗಂಡ ಗೋಡೆಯಷ್ಟು ದೊಡ್ಡ ಟಿವಿಯನ್ನು ಸ್ನೇಹಿತರೊಬ್ಬರ ಗಾಡಿಯಲ್ಲಿ ಹೇರಿಕೊಂಡು ಬಂದರು. "ಒಂದು ವರ್ಷ ಬಡ್ಡಿನೇ ಇಲ್ಲ ಕಣೇ, ಎಲ್ಲರ ಮನೇಲೂ ಇದೆ" ಎಂದರು. ನಾವು ಎರಡು ಕಾರ್ಡು ಮುಗಿಸಿದ್ದೆವು, ಇವರು ಐದನೆಯದು ತೆಗೆದಿದ್ದರು. ಶನಿವಾರ ಲಟ್ಟಣಿಗೆ ಹಿಡಿದು ನಾನು ಗೊಳೋ ಅಂತ ಅತ್ತೆ. ಆಂಟಿ ಬರ್ನರ್ ಆರಿಸಿ, ಕೈ ಒರೆಸಿಕೊಂಡು ಕೇಳಿದ್ದು ಒಂದೇ ಮಾತು: "ರಸೀದಿ ಅದಯೇನು?"

ಆ ಡಬ್ಬ ನಮ್ಮ ಕಾರಿನಲ್ಲಿ ಹಿಡಿಸುತ್ತಿರಲಿಲ್ಲ. ಆಂಟಿ ತಮ್ಮ ಹಳೇ ವ್ಯಾನಿನಲ್ಲಿ ಪಿಸ್ಕಾಟವೇಗೆ ಬಂದು, ಟಿವಿಯನ್ನೂ ನನ್ನ ಗಂಡನನ್ನೂ ಹತ್ತಿಸಿಕೊಂಡು ಅಂಗಡಿಗೆ ಹೊರಟರು. ದಾರಿಯುದ್ದಕ್ಕೂ ಗಂಡ ತಲೆ ತಗ್ಗಿಸಿ ಕೂತಿದ್ದರಂತೆ. ಆಂಟಿ ಒಂದು ಮಾತು ಬೈಯಲಿಲ್ಲವಂತೆ. "ಈ ದೇಶದಾಗ ನನಗ ಭಾಳ ಸೇರಿದ್ದು ಇದೊಂದ ನೋಡ್ರಿ. ತಪ್ಪಿ ತಗೊಂಡಿದ್ದು ತಿರುಗಿ ಕೊಡಬಹುದು. ಯಾರೂ ನಗಂಗಿಲ್ಲ" ಎಂದರಂತೆ. ವಾಪಸ್ ಬಂದ ಮೇಲೆ ಅವರಿಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿದರು. ನನ್ನ ಗಂಡ ಆಮೇಲೆ ಸೇಲ್‌ನ ಇಮೇಲ್ ಬಂದರೂ ತೆರೆಯುತ್ತಿರಲಿಲ್ಲ.

ಅಂದು ಯಾಕೆ ನನ್ನ ಆರ್ಡರು ಒಪ್ಪಲಿಲ್ಲ ಎಂದು ಒಂದು ಸಲ ಧೈರ್ಯಮಾಡಿ ಕೇಳಿದ್ದೆ. ಅವರೂ ಸಾಲದಲ್ಲಿ ಬಿದ್ದೆದ್ದಿರಬೇಕು, ಅದರ ಹಿಂದೆ ಏನೋ ದೊಡ್ಡ ಕಥೆ ಇರಬೇಕು ಎಂದು ನನ್ನ ಊಹೆ. ಆಂಟಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಎಲ್ಲಾದಕ್ಕೂ ಕಥಿ ಇರಬೇಕೇನು? ಹುಡುಗಿ ಅಂದ್ಲು, ನಾ ಕೇಳಿದೆ, ಅಷ್ಟ. ನೀ ಹೂರಣ ರುಬ್ಬು."

ಕೊನೆಯ ಕಾರ್ಡಿನ ಕೊನೆಯ ಕಂತು ಕಟ್ಟಿದ್ದು ಒಂದು ಮಂಗಳವಾರ. ಇಬ್ಬರೂ ಮಕ್ಕಳನ್ನು ಕರೆದು ಐದೂ ಕಾರ್ಡುಗಳನ್ನು ಕತ್ತರಿಸಲು ಕೊಟ್ಟೆವು. ಮಗಳು ಬ್ಲೂ ಒನ್ ತನಗೇ ಬೇಕೆಂದು ಜಗಳವಾಡಿ ಇಸಿದುಕೊಂಡಳು. ಆ ಶನಿವಾರ ನಾನು ಗರಾಜಿನ ಕಡೆ ಹೋಗದೆ ಮುಂಬಾಗಿಲಿನ ಬೆಲ್ ಒತ್ತಿದೆ. ಆಂಟಿ ತೆರೆದು, ನನ್ನ ಮುಖ ನೋಡಿದರು. ಏನೂ ಕೇಳದೆ ಒಳಗೆ ಹೋಗಿ ಕನ್ನಡಕ, ಪೆನ್ನು ತಂದರು.

"ಎಷ್ಟು ಮಂದಿ?"

"ಮೂವತ್ತು ಆಂಟಿ. ಮಗನ ನಾಲ್ಕನೇ ಬರ್ತ್‌ಡೇ. ಪಾರ್ಕ್‌ನಲ್ಲಿ ಮಾಡೋಣ ಅಂತ."

"ಐ ವಾಂಟ್ ಪಿಜ್ಜಾ!" ಎಂದ ಮಗ.

"ಅದನ್ನೂ ಬರಕೊಂಡೆ ತಗೋಪಾ" ಎಂದರು.

ರೇಟು ಹೇಳಿದರು. ಬೇರೆಯವರಿಗೆ ಹೇಳುವಷ್ಟೇ, ಒಂದು ಡಾಲರ್ ಕಡಿಮೆಯಿಲ್ಲ. ಮೂರು ವರ್ಷ ಇವರ ಒಲೆ ಮುಂದೆ ಬೆಂದಿದ್ದೇನೆ, ಸ್ವಲ್ಪವಾದರೂ ಬಿಡಬಾರದೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಚೆಕ್ ಬರೆಯುವಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಆಂಟಿ ಅದನ್ನು ತೆಗೆದುಕೊಂಡು ದೇವರ ಮುಂದಿಟ್ಟು, ಪರ್ಮಿಟ್ಟಿಗೂ ಸೇರಿಸಿ ಕೈಮುಗಿದು ಬಂದರು. ಅವರ ಕಣ್ಣಲ್ಲಿ ನೀರಿತ್ತು. "ಉಳ್ಳಾಗಡ್ಡಿ ಹೆಚ್ಚೇನಿ ಈಗಷ್ಟ" ಎಂದರು. ಅವತ್ತು ಅಡಿಗೆಮನೆಯಲ್ಲಿ ಎಲ್ಲೂ ಈರುಳ್ಳಿ ಇರಲಿಲ್ಲ.

ಹೋದ ಫೆಬ್ರವರಿಯಲ್ಲಿ ಆಂಟಿ ಹೋಗಿಬಿಟ್ಟರು. ಬೆಳಿಗ್ಗೆ ಬೇಳೆ ನೆನೆಸಿಟ್ಟು, ಕಾಫಿ ಕುಡಿದು, ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಟೆಕ್ಸಸ್‌ನಿಂದ ಅವರ ಒಬ್ಬಳೇ ಮಗಳು ಬಂದು ಎಲ್ಲ ಮಾಡಿದಳು. ಹದಿಮೂರನೆಯ ದಿನದ ಊಟಕ್ಕೆ ಹೋಳಿಗೆ ನಾನು ಮಾಡುತ್ತೇನೆ ಎಂದೆ. ಅದೇ ಗರಾಜಿನಲ್ಲಿ ನಾನು ಲಟ್ಟಿಸಿ ಬೇಯಿಸುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ಉಂಡೆ ಕಟ್ಟುತ್ತಿದ್ದಳು. ಹೊರಗೆ ಹಿಮ ಬೀಳುತ್ತಿತ್ತು. ಒಳಗೆ ಮನೆಯ ಹೀಟಿಂಗ್ ಶುರುವಾದ ಸದ್ದು ಕೇಳಿಸಿತು.

"ಈ ಸೌಂಡ್ ಕೇಳಿದ್ರೆ ನನಗೆ ಈಗಲೂ ಸಿಟ್ಟು ಬರ್ತದ ಅಕ್ಕಾ" ಎಂದಳು ಅವಳು. "ಒಂದ್ ವಿಂಟರ್ ಪೂರ್ತಿ ಇದು ಕೆಟ್ಟು ಕೂತಿತ್ತು. ಥಂಡಿಗೆ ನೀರು ಗಡ್ಡೆ ಕಟ್ಟಿ ಪೈಪ್ ಒಡೀಬಾರದು ಅಂತ ಅವ್ವ ಮೇಲಿನ ನೀರು ನಿಲ್ಲಿಸಿ, ಈ ಗರಾಜಿನ ಬಾಜೂ ಸಣ್ಣ ರೂಮಿನಾಗ ಒಂದು ಪುಟ್ಟ ಹೀಟರ್ ಇಟ್ಕೊಂಡು ಮಲಗ್ತಿದ್ಲು. ನಾನಾಗ ಸ್ಟೂಡೆಂಟು, ಲೋನ್ ತಗೋತೀನಿ ಅಂದ್ರೂ ಬ್ಯಾಡ ಅಂದ್ಲು. ದೊಡ್ಡ ಆರ್ಡರ್ ಒಂದು ಬಂದದ, ಇನ್ನೂರು ಮಂದೀದು, ಅದರಾಗ ಹೊಸಾದು ಹಾಕಸ್ತೀನಿ ಅಂದಿದ್ಲು. ಎರಡು ದಿನ ಬಿಟ್ಟು ಫೋನ್ ಮಾಡಿದ್ರೆ ಆ ಆರ್ಡರ್ ಕ್ಯಾನ್ಸಲ್ ಆತು ಅಂದ್ಲು."

"ಯಾವ ವರ್ಷ?" ಎಂದೆ. ಕೇಳುವ ಅಗತ್ಯವೇನೂ ಇರಲಿಲ್ಲ. ಒಳಬಾಗಿಲಿಗೆ ಅಡ್ಡ ನಿಂತ ಆಂಟಿ ಕಣ್ಣಮುಂದೆ ಬಂದಿದ್ದರು. ಆ ಬಾಗಿಲಿನ ಆಚೆಯ ಚಳಿಯಲ್ಲಿ ಅವರೊಬ್ಬರೇ ಇದ್ದರು. ನಾವು ನಾಲ್ಕು ಜನ ಅವರ ಒಲೆಯ ಮುಂದೆ ಬೆಚ್ಚಗೆ ಕೂತು ಅವರ ದುಡ್ಡಿನಲ್ಲಿ ನಮ್ಮ ಸಾಲ ತೀರಿಸಿಕೊಂಡೆವು. ಆಮೇಲೆ ಮನೆಗೆ ಹೋಗಿ ನಾನು ಅವರನ್ನೇ ಆಡಿಕೊಂಡೆ. ಛೇ, ಎಂಥ ಹೆಂಗಸು ನಾನು!

"ಅಕ್ಕಾ, ಹೊತ್ತಾಕತ್ತದ ನೋಡ್ರಿ" ಎಂದಳು ಆ ಹುಡುಗಿ.

ಕಾವಲಿಯ ಮೇಲಿನ ಹೋಳಿಗೆ ಒಂದು ಕಡೆ ಪೂರ್ತಿ ಕರ್ರಗಾಗಿತ್ತು. ಅವಳು ಅದನ್ನು ಕಸದ ಡಬ್ಬಕ್ಕೆ ಹಾಕಲು ಕೈ ಚಾಚಿದಳು. ನಾನು ಬೇಡವೆಂದು, ಅದನ್ನು ನನ್ನ ತಟ್ಟೆಗೆ ಹಾಕಿಕೊಂಡು, ತುಪ್ಪ ಸವರಿಕೊಂಡು, ಅಲ್ಲೇ ಒಲೆಯ ಮುಂದೆ ನಿಂತು ಪೂರ್ತಿ ತಿಂದೆ.